ಬಿಡುವಿನ ಮೂರು ದಿನ

"ಗುರುಗಳೇ, ಮನುಷ್ಯನಿಗೆ ಕೆಲಸ ಮುಖ್ಯವೋ, ಆ ಕೆಲಸಕ್ಕೆ ಕೊಟ್ಟ ಹೆಸರು ಮುಖ್ಯವೋ?" ಎಂದು ಚನ್ನಂಜಯ್ಯ ಕೇಳಿದ.

ಅವನು ಗುರುಗಳ ಹಳೆಯ ಶಿಷ್ಯ. ಈಗ ವಿಶ್ವವಿದ್ಯಾನಿಲಯದ ಒಂದು ಪ್ರಾದೇಶಿಕ ಕೇಂದ್ರಕ್ಕೆ ನಿರ್ದೇಶಕನಾಗಿದ್ದ. ಅಲ್ಲಿನ ಅತಿಥಿ ಉಪನ್ಯಾಸಕರು ತಮ್ಮನ್ನು ಅಧ್ಯಾಪಕರೆಂದೇ ಕರೆಯಬೇಕು, ಅಧ್ಯಾಪಕರ ಸಭೆಯಲ್ಲಿ ಕೂರಿಸಬೇಕು ಎಂದು ಅರ್ಜಿ ಕೊಟ್ಟಿದ್ದರು. ಅರ್ಜಿ ಹದಿನೈದು ದಿನದಿಂದ ಅವನ ಮೇಜಿನ ಮೇಲಿತ್ತು. ಸಹಿ ಹಾಕಿದರೆ ಮೇಲಿನವರ ಸಿಟ್ಟು, ಹಾಕದಿದ್ದರೆ ಮನಸ್ಸಿಗೆ ಕಿರಿಕಿರಿ. ಪಾಠ ಮಾಡಿಕೊಂಡಿದ್ದರೆ ಸಾಲದೇ, ಇವರಿಗೆ ಹೆಸರು ಯಾಕೆ ಎಂದೂ ಅನ್ನಿಸುತ್ತಿತ್ತು. ಒಟ್ಟಿನಲ್ಲಿ ಅವನ ತಲೆ ಕೆಟ್ಟು ಹೋಗಿತ್ತು.

ಗುರುಗಳು ಒಂದು ಕತೆ ಹೇಳಿದರು.

ನಿನ್ನದರಂಥದೇ ಒಂದು ಕೇಂದ್ರ. ಅಲ್ಲಿನ ರೇಷ್ಮೆ ವಿಭಾಗದಲ್ಲಿ ಒಬ್ಬ ಅಧ್ಯಾಪಕನಿದ್ದ. ಅಧ್ಯಾಪಕ ಎನ್ನುವುದು ನನ್ನ ಮಾತು, ಕಚೇರಿಯದಲ್ಲ. ಕಚೇರಿಗೆ ಅವನು ಒಂದು ವರ್ಷ ಅತಿಥಿ, ಒಂದು ವರ್ಷ ಅರೆಕಾಲಿಕ, ಇನ್ನೊಂದು ವರ್ಷ ತಾತ್ಕಾಲಿಕ. ಹನ್ನೊಂದು ವರ್ಷದಲ್ಲಿ ಹೆಸರು ಐದು ಸಲ ಬದಲಾಯಿತು. ಪಾಠ, ಪರೀಕ್ಷೆ, ಹುಳುವಿನ ಆರೈಕೆ ಯಾವುದೂ ಬದಲಾಗಲಿಲ್ಲ.

ಅಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಏಪ್ರಿಲ್‌ನಲ್ಲಿ ಅವನನ್ನು ಕೆಲಸದಿಂದ ಬಿಡುಗಡೆ ಮಾಡುವುದು, ಮೂರು ದಿನ ಕಳೆದ ಮೇಲೆ ಮತ್ತೆ ಸೇರಿಸಿಕೊಳ್ಳುವುದು. ಎಡೆಬಿಡದೆ ದುಡಿದೆ, ಕಾಯಂ ಮಾಡಿ ಎಂದು ನಾಳೆ ಅವನು ಕೇಳಬಾರದಲ್ಲ, ಅದಕ್ಕೆ. ಆ ಮೂರು ದಿನಕ್ಕೆ ಬಿಡುವು ಎಂದು ಹೆಸರು. ಬಿಡುವಿನಲ್ಲಿ ಅವನು ಅಲ್ಲಿ ಯಾರೂ ಅಲ್ಲ.

ಆದರೆ ಹುಳುಗಳಿಗೆ ಬಿಡುವು ಎಲ್ಲಿಯದು? ಅವು ಹೊಟ್ಟೆಬಾಕಗಳು. ನಾಲ್ಕನೇ ಜ್ವರ ಎದ್ದವೆಂದರೆ, ಅಂದರೆ ಕೊನೆಯ ಸಲ ಪೊರೆ ಬಿಟ್ಟವೆಂದರೆ, ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಬೀಳಲೇಬೇಕು. ಅಧ್ಯಾಪಕ ಹಿಂದಿನ ಹತ್ತು ವರ್ಷವೂ ಬಿಡುವಿನಲ್ಲಿ ಸುಮ್ಮನೆ ಒಳಗೆ ಹೋಗಿ ಸೊಪ್ಪು ಹಾಕಿ ಬರುತ್ತಿದ್ದ. ಕಾವಲುಗಾರ ಕಂಡೂ ಕಾಣದ ಹಾಗೆ ಇರುತ್ತಿದ್ದ.

ಹನ್ನೊಂದನೇ ವರ್ಷ ಹಾಗಾಗಲಿಲ್ಲ. ಪಕ್ಕದ ವಿಭಾಗದ ಇನ್ನೊಬ್ಬ ಅತಿಥಿ ಹಿಂದಿನ ವಾರ ತನ್ನ ಬಿಡುವಿನಲ್ಲಿ ಪ್ರಯೋಗಾಲಯಕ್ಕೆ ಹೋದನೆಂದು ಅವನಿಗೆ ಅತಿಕ್ರಮ ಪ್ರವೇಶದ ನೋಟಿಸು ಕೊಟ್ಟಿದ್ದರು. ನಮ್ಮ ಅಧ್ಯಾಪಕ ಹೆದರಿದ. ಆ ವರ್ಷ ತಟ್ಟೆಗಳಲ್ಲಿದ್ದದ್ದು ಅವನು ಆರು ವರ್ಷ ಆರಿಸಿ ಆರಿಸಿ ಬೆಳೆಸಿದ, ಬಿಸಿಲು ತಡೆಯುವ ತಳಿ. ಅದರ ಒಂದು ಮೊಟ್ಟೆಯೂ ಬೇರೆಲ್ಲೂ ಇರಲಿಲ್ಲ. ಆದ್ದರಿಂದ ಎಲ್ಲ ಕ್ರಮವಾಗಿರಲಿ ಎಂದು, "ಬಿಡುವಿನಲ್ಲಿ ಹುಳುಗಳಿಗೆ ಸೊಪ್ಪು ಹಾಕಲು ಅನುಮತಿ ಕೊಡಿ" ಎಂದು ಬರೆದುಕೊಟ್ಟ.

ಬಿಡುವಿನ ಮೊದಲ ದಿನ ಅಧ್ಯಾಪಕರ ಸಭೆ ಸೇರಿತು. ಒಂಬತ್ತು ಜನ, ಎಲ್ಲರೂ ಕಾಯಂ. ಸಭೆಯ ಕೋಣೆ ಹುಳು ಮನೆಯ ಎದುರಿಗೇ ಇತ್ತು. ಅನುಮತಿ ಕೊಡಲು ಯಾರದೂ ತಕರಾರಿರಲಿಲ್ಲ. ಆದರೆ ಅನುಮತಿ ಕೊಡುವುದು ಯಾರಿಗೆ? ಬಿಡುವಿನಲ್ಲಿ ಒಳಗೆ ಬಂದವನನ್ನು ಏನೆಂದು ಕರೆಯಬೇಕು?

ಸಂದರ್ಶಕ ಎಂದರು ಒಬ್ಬರು. ಸಂದರ್ಶಕರಿಗೆ ಮೂರರಿಂದ ಐದರವರೆಗೆ ಮಾತ್ರ ಪ್ರವೇಶ. ಸ್ವಯಂಸೇವಕ ಎಂದರು ಇನ್ನೊಬ್ಬರು. ಸ್ವಯಂಸೇವಕ ಸರ್ಕಾರಿ ತಟ್ಟೆ ಮುಟ್ಟುವಂತಿಲ್ಲ. ಗೌರವ ಅಧ್ಯಾಪಕ ಎನ್ನೋಣವೆಂದರೆ ಅದಕ್ಕೆ ಕುಲಪತಿಗಳ ಸಹಿ ಬೇಕು. ಆಮೇಲೆ ಸೊಪ್ಪು ಹಾಕುವುದು ಬೋಧನೆಯೋ, ಸಂಶೋಧನೆಯೋ, ಬರೀ ನಿರ್ವಹಣೆಯೋ ಎಂಬ ಪ್ರಶ್ನೆ ಎದ್ದಿತು. ಅದಕ್ಕೊಂದು ಉಪಸಮಿತಿ ಆಯಿತು. ಎರಡನೇ ದಿನ ಯಾರೋ, "ಪಾಪ, ಹುಳು ಹಸಿದಿರ್ತವೆ ಕಣ್ರೀ" ಎಂದರು. ಅದು ವಿಷಯಪಟ್ಟಿಯಲ್ಲಿಲ್ಲ ಎಂದರು ಅಧ್ಯಕ್ಷರು.

ಅಧ್ಯಾಪಕ ಸೊಪ್ಪಿನ ಬುಟ್ಟಿ ಹಿಡಿದು ಹುಳು ಮನೆಯ ಹೊರಗೆ ನಿಂತಿದ್ದ. ಬಾಗಿಲಿಗೆ ಬೀಗವಿರಲಿಲ್ಲ. ಹೋಗಲೇ ಎಂದು ಒಂದು ಹೆಜ್ಜೆ ಇಡುತ್ತಿದ್ದ. ಹೋದರೆ ಕಳ್ಳನಾಗುತ್ತೇನೆಯೇ, ನಾಡಿದ್ದು ಮತ್ತೆ ಸೇರಿಸಿಕೊಳ್ಳದಿದ್ದರೆ ಈ ಹುಳು ನೋಡುವವರು ಯಾರು ಎಂದು ಹೆಜ್ಜೆ ಹಿಂದಕ್ಕೆ ತೆಗೆಯುತ್ತಿದ್ದ. ಇಷ್ಟು ವರ್ಷ ಈ ಮನೆಗೆ ಬಂದು ಹೋದ ತಾನು ಯಾರು ಎಂಬುದೇ ಅವನಿಗೆ ತಿಳಿಯದಾಯಿತು. ಬುಟ್ಟಿಯ ಸೊಪ್ಪು ಬಾಡಿತು. ಹೊಸ ಸೊಪ್ಪು ಕೊಯ್ದು ತಂದ. ಅದೂ ಬಾಡಿತು.

ಮೂರನೇ ದಿನ ಸಂಜೆ ಸಭೆ ಒಮ್ಮತಕ್ಕೆ ಬಂದಿತು. 'ಬಿಡುವಿನ ಅವಧಿಯ ವಿಶೇಷ ಸಹಯೋಗಿ' ಎಂದು ಹೆಸರಾಯಿತು. ಎಲ್ಲರೂ ಒಬ್ಬರನ್ನೊಬ್ಬರು ಅಭಿನಂದಿಸಿ ಕಾಫಿ ಕುಡಿದರು. ಆದೇಶ ಟೈಪಾಗಿ ಜವಾನನ ಕೈಯಲ್ಲಿ ಬರುವ ಹೊತ್ತಿಗೆ ಮರುದಿನವಾಗಿತ್ತು, ಬಿಡುವೂ ಮುಗಿದಿತ್ತು. ಅಧ್ಯಾಪಕ ಮತ್ತೆ ಅತಿಥಿಯಾಗಿ ಒಳಗೆ ಹೋದ. ತಟ್ಟೆಗಳಲ್ಲಿ ಹುಳುಗಳು ಸತ್ತು ಬಿದ್ದಿದ್ದವು. ಇನ್ನೂ ಮಿಸುಕುತ್ತಿದ್ದವಕ್ಕೆ ಸೊಪ್ಪು ಹಾಕಿದ. ಅವು ತಿನ್ನಲಿಲ್ಲ. ಅಲ್ಲಿಯೇ ನೆಲದ ಮೇಲೆ ಕೂತು ಅವನು ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಚನ್ನಂಜಯ್ಯನಿಗೆ ಸಂಕಟವೂ ಆಯಿತು, ಸಿಟ್ಟೂ ಬಂದಿತು. "ಬಾಗಿಲು ತೆರೆದಿತ್ತು, ಸೊಪ್ಪು ಕೈಯಲ್ಲೇ ಇತ್ತು. ಅವನಾದರೂ ಒಳಗೆ ಹೋಗಬಾರದಿತ್ತೇ? ತಪ್ಪು ಅವನದೇ ಅಲ್ಲವೇ ಗುರುಗಳೇ?" ಎಂದ.

ಗುರುಗಳು ಹೇಳಿದರು: "ಹೆಸರಿದ್ದ ಒಂಬತ್ತು ಜನಕ್ಕೂ ಅದೇ ಬಾಗಿಲು ತೆರೆದಿತ್ತಲ್ಲಯ್ಯಾ, ಅವರನ್ನೇಕೆ ನೀನು ಕೇಳಲಿಲ್ಲ?"