ಮೂರು ದಾರಿಯ ಮನೆಯ ಓರಾನ್

ಬಹಳ ಹಿಂದೆ, ಐರ್ಲೆಂಡ್ ದ್ವೀಪದಲ್ಲಿ ಪಟ್ಟಣ ಎನ್ನುವುದೇ ಇರದ ಕಾಲದಲ್ಲಿ, ಮೂರು ದಾರಿ ಕೂಡುವ ಒಂದೂರಿನಲ್ಲಿ ಓರಾನ್ ಎಂಬವನಿದ್ದನಂತೆ. ಅವನನ್ನು ಕಂಡವರನ್ನು ಕಂಡವರು ಕೂಡ ಈಗ ಯಾರೂ ಇಲ್ಲ. ನನಗೆ ಹೇಳಿದ್ದು ನನ್ನ ಅಜ್ಜಿ, ಅವಳಿಗೆ ಹೇಳಿದ್ದು ಅವಳ ಸೋದರಮಾವ. ಕೇಳಿದ್ದನ್ನು ಕೇಳಿದ ಹಾಗೆ ಹೇಳುತ್ತೇನೆ.

ಆ ಕಾಲದಲ್ಲಿ ಒಬ್ಬೊಬ್ಬರ ಮುಖಕ್ಕೂ ಒಂದೊಂದು ಬೆಲೆ ಇತ್ತಂತೆ. ಮಾತಿಗೆ ಹೇಳುವುದಲ್ಲ, ಕಾನೂನೇ ಹಾಗಿತ್ತು. ಯಾರನ್ನಾದರೂ ಅವಮಾನ ಮಾಡಿದರೆ ಅವರ ಮುಖದ ಬೆಲೆಯನ್ನು ದನಗಳಲ್ಲಿ ಕಟ್ಟಿಕೊಡಬೇಕಿತ್ತು. ರಾಜನ ಮುಖಕ್ಕೆ ಒಂದು ಮಂದೆ. ಒಡೆಯನ ಮುಖಕ್ಕೆ ಅದಕ್ಕಿಂತ ಕಡಿಮೆ. ಸಣ್ಣ ರೈತನ ಮುಖಕ್ಕೆ ಒಂದು ಕರು. ಹೆಂಡತಿಯ ಮುಖಕ್ಕೆ ಗಂಡನದರಲ್ಲಿ ಅರ್ಧ. ಆಣೆಗೂ ಅದೇ ಅಳತೆ. ನ್ಯಾಯದ ಮುಂದೆ ದೊಡ್ಡವನು ಒಂದು ಆಣೆ ಮಾಡಿದರೆ ಅದು ಚಿಕ್ಕವರ ಆಣೆಗಳನ್ನೆಲ್ಲ ನುಂಗಿಬಿಡುತ್ತಿತ್ತು. ಚಿಕ್ಕವರು ಎಷ್ಟು ಜನ ಬಂದು ನಿಂತರೂ ಅಷ್ಟೇ.

ಓರಾನ್ ಹುಟ್ಟಿನಿಂದ ಚಿಕ್ಕವನೇ. ಆದರೆ ಚಿಕ್ಕವನು ದೊಡ್ಡವನಾಗಲು ಆ ಕಾನೂನಿನಲ್ಲಿ ಒಂದು ದಾರಿ ಇತ್ತು, ಅನ್ನದ ದಾರಿ. ದಾರಿಬದಿಯಲ್ಲಿ ಮನೆ ಕಟ್ಟಬೇಕು. ಒಲೆಯ ಮೇಲಿನ ಹಂಡೆ ಇಳಿಯಬಾರದು. ಯಾವ ಮುಖ ಬಂದರೂ, ಹೆಸರು ಕೇಳದೆ, ಉಣ್ಣಲು ಕೊಡಬೇಕು. ಒಬ್ಬರಿಗೂ ಇಲ್ಲ ಎನ್ನಬಾರದು. ಹಾಗೆ ನಡೆಸಿದವನ ಮುಖಕ್ಕೆ ಒಡೆಯನ ಮುಖದಷ್ಟೇ ಬೆಲೆ, ಅವನ ಆಣೆಗೆ ಒಡೆಯನ ಆಣೆಯಷ್ಟೇ ತೂಕ. ಇಲ್ಲ ಎಂದ ದಿನ ಎಲ್ಲವೂ ಮುಗಿಯಿತು, ಮತ್ತೆ ಸಣ್ಣ ರೈತ.

ಓರಾನ್ ಮತ್ತು ಅವನ ಹೆಂಡತಿ ಎಟ್ನಾ ಅರ್ಧ ಆಯುಷ್ಯ ದುಡಿದು ಆ ಮನೆ ಕಟ್ಟಿದರಂತೆ. ಮೂರು ದಾರಿಗೂ ಒಂದೊಂದು ಬಾಗಿಲು, ಯಾವುದಕ್ಕೂ ಚಿಲಕವಿಲ್ಲ. ಹಂಡೆಯಲ್ಲಿ ಒಂದು ಎತ್ತು ಇಡಿಯಾಗಿ ಬೇಯುತ್ತಿತ್ತು ಎನ್ನುತ್ತಾರೆ. ಎತ್ತಲ್ಲ, ಕುರಿ ಇರಬೇಕು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಆ ಸೀಮೆಯ ಒಡೆಯ ಡುಂಗಾಲ್ ಮಾತ್ರ ಓರಾನನನ್ನು ಸೌಟಿನ ದೊರೆ ಎಂದು ಆಡಿಕೊಳ್ಳುತ್ತಿದ್ದ. ಓರಾನ್ ಅದಕ್ಕೆ ಬೇಸರ ಮಾಡಿಕೊಂಡವನಲ್ಲ.

ಆ ಊರಿನಲ್ಲಿ ಲಾಸರ್ ಎಂಬ ಹೆಂಗಸಿದ್ದಳು. ಅವಳ ಗಂಡ ಕಾಲು ಮುರಿದುಕೊಂಡು, ಅದು ಕೀವಾಗಿ ತೀರಿಕೊಂಡ. ಅವನು ಬಿಟ್ಟುಹೋದದ್ದು ಹೊಳೆ ದಂಡೆಯ ಒಂದು ಹುಲ್ಲುಗಾವಲು, ಅಷ್ಟೇ. ಅದು ಹೋದರೆ ಅವಳ ಹಸುಗಳಿಗೆ ಮೇವಿಲ್ಲ, ಅವಳಿಗೆ ಊರಿಲ್ಲ. ಗಂಡ ಸತ್ತ ಮೇಲೆ ಡುಂಗಾಲ್ ಬಂದು ಆ ಗಾವಲು ತನ್ನದೆಂದ. ಬೇಸಿಗೆ ಹಬ್ಬದ ದಿನ ನಿನ್ನ ಗಂಡ ನನ್ನ ಜೊತೆ ನಾಲ್ಕು ಎಲ್ಲೆಯೂ ನಡೆದು, ಕೈಮುಟ್ಟಿ ಕೊಟ್ಟಿದ್ದಾನೆ, ಆಣೆ ಮಾಡುತ್ತೇನೆ ಎಂದ.

ಬೇಸಿಗೆ ಹಬ್ಬದ ದಿನ ಅವಳ ಗಂಡ ಎಲ್ಲೂ ನಡೆದಿರಲಿಲ್ಲ. ಮುರಿದ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಓರಾನನ ಮನೆಯ ಒಲೆಯ ಪಕ್ಕ ಮಲಗಿದ್ದ. ಮೂಳೆ ಕೂಡಿಸುವ ಮುದುಕಿ ನೋಡಿದ್ದಳು, ದನ ಕಾಯುವವರು ನೋಡಿದ್ದರು. ಆದರೆ ಅವರೆಲ್ಲ ಚಿಕ್ಕವರು. ಡುಂಗಾಲನಿಗೆ ಎದುರಾಗಿ ನಿಲ್ಲುವ ಆಣೆ ಆ ಊರಿನಲ್ಲಿ ಇದ್ದದ್ದು ಒಂದೇ, ಓರಾನನದು. ಓರಾನ್ ಆಣೆ ಮಾಡುತ್ತೇನೆಂದು ಒಪ್ಪಿಕೊಂಡ. ಮುಂದಿನ ಅಮಾವಾಸ್ಯೆ ಕಳೆದ ಬೆಳಿಗ್ಗೆ ನ್ಯಾಯ ಎಂದು ಗೊತ್ತಾಯಿತು.

ಡುಂಗಾಲ್ ಓರಾನನ ಮೇಲೆ ಕೈ ಮಾಡಲಿಲ್ಲ, ಬೆದರಿಸಲೂ ಇಲ್ಲ. ಉಣ್ಣಲು ಜನ ಕಳಿಸಿದನಂತೆ. ಮೊದಲು ತನ್ನ ಕುದುರೆಯಾಳುಗಳನ್ನು ಕಳಿಸಿದ. ಅವರೆದ್ದು ಹೋಗುವಷ್ಟರಲ್ಲಿ ಬೇಟೆಯವರು ಬಂದರು, ನಾಯಿಗಳ ಸಮೇತ. ಅವರ ಹಿಂದೆ ಹೊಗಳುಭಟ್ಟರು. ಅವರು ಉಂಡಷ್ಟೂ ಹಾಡಿದರು, ಹಾಡಿದಷ್ಟೂ ಹಸಿದರು. ಆಮೇಲೆ ಮತ್ತೆ ಕುದುರೆಯಾಳುಗಳು. ಹಂಡೆ ಇಳಿಯಲಿಲ್ಲ. ಕುರಿಗಳು ಹೋದವು, ಹಂದಿಗಳು ಹೋದವು, ಉಳುವ ಎತ್ತು ಹೋಯಿತು, ಬಿತ್ತನೆಗೆ ಇಟ್ಟ ಬಾರ್ಲಿಯೂ ಹೋಯಿತು.

ಎಟ್ನಾ ಸೌಟು ಕೆಳಗಿಟ್ಟು ಗಂಡನಿಗೆ ಹೇಳಿದಳಂತೆ, “ನೋಡ್ರೀ, ಇವರು ಹಸಿದು ಬಂದವರಲ್ಲ. ಆ ಗಡ್ಡದವನು ಬೆಳಿಗ್ಗೆಯಿಂದ ಇದು ಮೂರನೇ ಸಲ ಹೊಸಬನಾಗಿ ಬರ್ತಿದ್ದಾನೆ.”

“ಹಸಿವಿದೆಯಾ ಅಂತ ಕೇಳೋ ಮನೆ ಅಲ್ಲ ಕಣೇ ಇದು,” ಎಂದನಂತೆ ಓರಾನ್. “ಬಡಿಸು.”

“ಬಡಿಸ್ತೀನಿ. ಮೀಸೆಯನ್ನಾದರೂ ಒರೆಸಿಕೊಂಡು ಬರೋಕೆ ಹೇಳಿ.”

ಲಾಸರ್ ಒಂದು ದಿನ ಸೆರಗಿನಡಿ ಹಿಟ್ಟು ತಂದಳು. ಓರಾನ್ ಮುಟ್ಟಲಿಲ್ಲ. ನಿನ್ನ ಹಿಟ್ಟು ಈ ಹಂಡೆಗೆ ಬಿದ್ದರೆ ನನ್ನ ಆಣೆ ನೀನು ಕೊಂಡ ಆಣೆ ಆಗುತ್ತದೆ ತಾಯಿ, ಎಂದು ಹೇಳಿ, ಅವಳಿಗೇ ಒಂದು ಬೋಗುಣಿ ಗಂಜಿ ಕೊಟ್ಟು ಕಳಿಸಿದನಂತೆ. ಉಳಿದ ಊರವರು ಡುಂಗಾಲನ ದನಗಳನ್ನು ಸಾಕಿಕೊಂಡು ಬದುಕುವವರು. ಅವರು ಹತ್ತಿರ ಬರಲಿಲ್ಲ.

ಅಮಾವಾಸ್ಯೆ ಬಂತು. ನ್ಯಾಯ ಹೇಳುವ ಮುದುಕ ದೂರದಿಂದ ನಡೆದು ಬಂದು ಓರಾನನ ಮನೆಯಲ್ಲೇ ಇಳಿದುಕೊಂಡ. ಅವನು ಉಂಡದ್ದೇ ಆ ಮನೆಯ ಕೊನೆಯ ಊಟ ಎನ್ನುತ್ತಾರೆ. ಹೊತ್ತು ಇಳಿಯುತ್ತಿದ್ದ ಹಾಗೆ ಡುಂಗಾಲ್ ತಾನೇ ಬಂದ, ತನ್ನ ಆಳುಗಳ ಸಮೇತ. ಒಳಗೆ ಬಂದು ಒಲೆಯ ಮುಂದೆ ಕೂತು, ಓರಾನ್, ಹಸಿದು ಬಂದಿದ್ದೇವೆ ಎಂದ.

ಎಟ್ನಾ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಎಲ್ಲರ ಮುಂದೆಯೂ ಒಂದೊಂದು ಮರದ ಬೋಗುಣಿ ಇಟ್ಟಳು, ಎಲ್ಲಕ್ಕೂ ಮುಚ್ಚಳ ಹಾಕಿ. ಅಂಚಿನಿಂದ ಹಬೆ ಬರುತ್ತಿತ್ತು.

ಊಟಕ್ಕೂ ಆಗ ದರ್ಜೆಯ ಕಟ್ಟು ಇತ್ತು. ಕೂತವರಲ್ಲಿ ದೊಡ್ಡವನು ಮೊದಲು ಮುಚ್ಚಳ ತೆಗೆಯಬೇಕು, ಆಮೇಲೆ ಅವನಿಗಿಂತ ಚಿಕ್ಕವನು, ಆಮೇಲೆ ಅವನಿಗಿಂತ ಚಿಕ್ಕವನು. ಮುಚ್ಚಳ ತೆಗೆದರೆ ಊಟ ಒಪ್ಪಿಕೊಂಡಂತೆ, ಉಂಡಂತೆಯೇ ಲೆಕ್ಕ. ಎಲ್ಲರೂ ಡುಂಗಾಲನ ಕೈ ನೋಡಿದರು. ಡುಂಗಾಲ್ ಓರಾನನ ಮುಖ ನೋಡಿದ, ಅದು ಹೇಗಿತ್ತೋ ಯಾರೂ ಹೇಳಿಲ್ಲ. ಅವನು ಮುಚ್ಚಳದ ಮೇಲೆ ಕೈ ಇಟ್ಟ.

ಆಗ ಹೊಸ್ತಿಲ ಕಡೆಯಿಂದ ಲಾಸರಳ ದನಿ ಬಂತಂತೆ. “ಒಡೆಯಾ, ನಾನು ಉಪವಾಸ ಕೂತಿದ್ದೀನಿ. ನಿಮ್ಮ ಮೇಲೆ.”

ದೊಡ್ಡವರ ಮೇಲೆ ಚಿಕ್ಕವರಿಗೆ ದೂರಿದ್ದರೆ ಅವರನ್ನು ಕೈಹಿಡಿದು ಎಳೆದು ತರುವ ಹಾಗಿರಲಿಲ್ಲ. ಹೊತ್ತು ಮುಳುಗುವಾಗ ಅವರ ಬಾಗಿಲಲ್ಲಿ ಹೋಗಿ ಉಪವಾಸ ಕೂರಬೇಕು, ಹೊತ್ತು ಹುಟ್ಟುವವರೆಗೆ. ಹಾಗೆ ಕೂತಷ್ಟು ಹೊತ್ತು ದೊಡ್ಡವನೂ ಉಣ್ಣಬಾರದು. ಉಂಡರೆ ಅವನ ಮುಖಕ್ಕೆ ಬೆಲೆಯಿಲ್ಲ, ಆಣೆಗೆ ತೂಕವಿಲ್ಲ. ಉಣ್ಣಲೇಬೇಕೆಂದರೆ ಕೂತವರ ಕೈಗೆ ಏನಾದರೂ ಒತ್ತೆ ಇಟ್ಟು, ನಿನ್ನ ದೂರಿನಲ್ಲಿ ಹುರುಳಿದೆ ಎಂದು ಒಪ್ಪಿಕೊಳ್ಳಬೇಕು.

ಡುಂಗಾಲ್ ನಕ್ಕನಂತೆ. “ಇದು ನನ್ನ ಬಾಗಿಲಲ್ಲಮ್ಮ. ಸೌಟಿನ ದೊರೆಯ ಬಾಗಿಲು. ದಾರಿ ತಪ್ಪಿ ಬಂದಿದ್ದೀಯ.”

ಮೂಲೆಯಲ್ಲಿ ಮಲಗಿದ್ದ ನ್ಯಾಯದ ಮುದುಕ ಕಣ್ಣು ಬಿಡದೆಯೇ, ನೀನು ಎಲ್ಲಿ ಉಣ್ಣಲು ಕೂತೆಯೋ ಅದೇ ನಿನ್ನ ಬಾಗಿಲು ಮಾರಾಯ ಎಂದನಂತೆ.

ಡುಂಗಾಲ್ ಒತ್ತೆ ಕೊಡುವವನಲ್ಲ, ಅದೂ ಒಬ್ಬ ವಿಧವೆಗೆ. ಎದ್ದು ಹೋಗೋಣವೆಂದರೆ, ಇಟ್ಟ ಊಟ ಬಿಟ್ಟು ಎದ್ದವನು ತಾನಾಗುತ್ತಾನೆ, ಓರಾನ್ ಇಲ್ಲ ಎಂದಂತಾಗುವುದಿಲ್ಲ. ಮುಚ್ಚಳದ ಮೇಲಿನ ಕೈ ಹಿಂದಕ್ಕೆ ಬಂತು. ಅವನು ತೆಗೆಯದೆ ಆಳುಗಳು ತೆಗೆಯುವಂತಿಲ್ಲ. ಹೊತ್ತು ಹುಟ್ಟುವವರೆಗೆ ಅವರೆಲ್ಲ ಮುಚ್ಚಿದ ಬೋಗುಣಿಗಳ ಮುಂದೆ ಕೂತಿದ್ದರಂತೆ. ಹಬೆ ನಿಂತಿತು. ಗಡ್ಡದವನ ಹೊಟ್ಟೆ ಮಾತ್ರ ಆಗಾಗ ಮಾತಾಡುತ್ತಿತ್ತು. ಬೆಳಕಾದಾಗ ಎಟ್ನಾ ಬಂದು ಬೋಗುಣಿಗಳನ್ನು ಹಾಗೇ ಒಳಗೆ ತೆಗೆದುಕೊಂಡು ಹೋದಳು. ಅದರಲ್ಲಿ ಬಾರ್ಲಿ ಗಂಜಿ ಇತ್ತು ಎನ್ನುವವರಿದ್ದಾರೆ. ಬರೀ ಬಿಸಿನೀರು ಎನ್ನುವವರಿದ್ದಾರೆ. ಎಟ್ನಾ ಸಾಯುವವರೆಗೂ ಹೇಳಲಿಲ್ಲ.

ನ್ಯಾಯದಲ್ಲಿ ಮುದುಕ ಮೊದಲು ಡುಂಗಾಲನನ್ನೇ ಕೇಳಿದ. ಈ ಮನೆಯಲ್ಲಿ ನಿನಗೆ ಇಲ್ಲ ಎಂದರೇ?

“ಇಲ್ಲ ಅನ್ನಲಿಲ್ಲ.”

ಉಂಡೆಯಾ?

“ಮುಚ್ಚಳ ತೆಗೆಯಲಿಲ್ಲ.”

ಹಾಗಾದರೆ ಓರಾನನ ಮುಖಕ್ಕೆ ನಿನ್ನೆ ಇದ್ದ ಬೆಲೆಯೇ ಇವತ್ತೂ ಇದೆ ಎಂದ ಮುದುಕ. ಡುಂಗಾಲ್ ಆಣೆ ಮಾಡಿದ, ಓರಾನ್ ಆಣೆ ಮಾಡಿದ. ಎರಡು ದೊಡ್ಡ ಆಣೆಗಳು ಒಂದನ್ನೊಂದು ತಡೆದು ನಿಂತವು. ನುಂಗುವ ಆಣೆ ಇಲ್ಲವಾದ ಮೇಲೆ ಚಿಕ್ಕವರ ಆಣೆಗೆ ಜಾಗ ಸಿಕ್ಕಿತು. ಮೂಳೆ ಕೂಡಿಸುವ ಮುದುಕಿ ಮುಂದೆ ಬಂದಳು. ದನ ಕಾಯುವವರು ಒಬ್ಬರನ್ನೊಬ್ಬರು ನೋಡಿಕೊಂಡು ಬಂದರು. ಗಾವಲು ಲಾಸರಳಿಗೆ ಉಳಿಯಿತು.

ಆ ಮಧ್ಯಾಹ್ನವೇ ಒಬ್ಬ ದಾರಿಹೋಕ ಬಂದು ಓರಾನನನ್ನು ಊಟ ಕೇಳಿದನಂತೆ. ಓರಾನ್ ಅವನನ್ನು ಒಳಗೆ ಕರೆದು, ಖಾಲಿ ಹಂಡೆ ತೋರಿಸಿ, ಎಲ್ಲರಿಗೂ ಕೇಳುವ ಹಾಗೆ, ಇಲ್ಲ ಎಂದ. ಅಲ್ಲಿಗೆ ಅವನು ಮತ್ತೆ ಸಣ್ಣ ರೈತನಾದ. ಮೂರು ಬಾಗಿಲಿನಲ್ಲಿ ಎರಡನ್ನು ಮುಚ್ಚಿದ. ಊರವರು ಮರುಗಿದರು. ಇಷ್ಟು ವರ್ಷ ಕಟ್ಟಿಕೊಂಡ ಆಣೆಯ ತೂಕ ಒಂದೇ ದಿನದಲ್ಲಿ ಹೋಯಿತಲ್ಲ ಎಂದರು. ಅದನ್ನು ಇಟ್ಟುಕೊಂಡಿದ್ದು ಮತ್ತೇತಕ್ಕೆ ಎಂದು ಕೇಳಿದನಂತೆ ಓರಾನ್. ಆಮೇಲೆ ಅವನು ಬಹಳ ವರ್ಷ ಬದುಕಿದ. ಯಾವ ನ್ಯಾಯದಲ್ಲೂ ಅವನನ್ನು ಯಾರೂ ಆಣೆಗೆ ಕರೆಯಲಿಲ್ಲ.

ಈಗ ಅಲ್ಲಿ ಮನೆಯಿಲ್ಲ, ಹಂಡೆಯಿಲ್ಲ. ಮುಖದ ಬೆಲೆ ಎಷ್ಟೆಂದು ಹೇಳಬಲ್ಲವರೂ ಇಲ್ಲ. ಆದರೆ ಆ ಸೀಮೆಯಲ್ಲಿ ಇಂದಿಗೂ ಮದುವೆಯಾಗಲಿ ತಿಥಿಯಾಗಲಿ, ಊಟವನ್ನು ಮುಚ್ಚಿದ ಬೋಗುಣಿಯಲ್ಲೇ ಇಡುತ್ತಾರೆ. ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರೂ ಮುಚ್ಚಳದ ಮೇಲೆ ಕೈ ಇಟ್ಟು ಕಾಯುತ್ತಾರೆ. ಯಾರು ಮೊದಲು ತೆಗೆಯಬೇಕು ಎಂದು ಹೊಸಬರು ಕೇಳಿದರೆ ಪಕ್ಕದವರು ಉತ್ತರ ಹೇಳುವುದಿಲ್ಲ. ಅವರ ಕೈಯನ್ನೂ ಮೆಲ್ಲಗೆ ಎತ್ತಿ ಮುಚ್ಚಳದ ಮೇಲೆ ಇಡುತ್ತಾರೆ. ಆಮೇಲೆ ಎಲ್ಲರೂ ಒಟ್ಟಿಗೆ ತೆಗೆಯುತ್ತಾರೆ.