ಕೂಸಿನ ತಲೆ ಮುಟ್ಟಿದ ಆಣೆ

ಮಲಪ್ರಭೆಯ ದಂಡೆಗೆ ಒಂದು ಸಣ್ಣ ಊರು, ಊರಾಚೆ ಒಂದು ಸಣ್ಣ ಮಠ. ಮಠದ ಅಜ್ಜಾರಿಗೆ ಎಂಬತ್ತು ದಾಟಿತ್ತು. ಕುಡಿತ ಬಿಡಬೇಕು ಅನ್ನುವವರು ಅವರ ಹತ್ತಿರ ಬರುತ್ತಿದ್ದರು. ಬಿಡಬೇಕು ಅಂತ ತಮಗಲ್ಲದೆ ಹೆಂಡತಿಗೆ ಅನ್ನಿಸಿದವರೂ ಬರುತ್ತಿದ್ದರು.

ಅಜ್ಜಾರ ಪದ್ಧತಿ ಬಹಳ ಸಾದಾ. ಕೈ ನಡುಗುತ್ತಿದ್ದವರನ್ನು ಮೊದಲು ಸರಕಾರಿ ದವಾಖಾನೆಗೆ ಕಳಿಸುವುದು. ಅಲ್ಲಿಂದ ಬಂದಮೇಲೆ ಸಂಜೆ ಜಗಲಿಯಲ್ಲಿ ಎಲ್ಲರ ಜೊತೆ ಕೂರಿಸಿಕೊಳ್ಳುವುದು. ಮಾತಾಡುವವರು ಮಾತಾಡಬಹುದು, ಅಳುವವರು ಅಳಬಹುದು. ಉಪದೇಶವೂ ಇಲ್ಲ, ಬೈಗುಳವೂ ಇಲ್ಲ.

ಇದು ಶಿಷ್ಯ ಯಮನೂರಿಗೆ ಒಂಚೂರೂ ಹಿಡಿಸುತ್ತಿರಲಿಲ್ಲ.

ಯಮನೂರಿಯೂ ಹಾಗೇ ಬಂದವನು. ಟಂಟಂ ಆಟೋ ಓಡಿಸಿಕೊಂಡಿದ್ದ. ಟಂಟಂ ಕುಡಿದು ಮುಗಿಸಿದ, ಹೆಂಡತಿಯ ಕಿವಿಯೋಲೆ ಕುಡಿದು ಮುಗಿಸಿದ, ಕೊನೆಗೆ ಮಠದ ಮುಂದಿನ ಕೆಸರಲ್ಲಿ ಬಿದ್ದಿದ್ದ. ಅಜ್ಜಾರೇ ಎತ್ತಿ ಒಳಗೆ ತಂದಿದ್ದರು. ಈಗ ಬಿಟ್ಟು ವರ್ಷಗಳೇ ಆಗಿವೆ. ಬಿಟ್ಟವನ ಗತ್ತು ಕೇಳಬೇಕೇ? ಸಂಜೆಯಾದರೆ ಬಾಗಿಲಲ್ಲಿ ನಿಂತು, ಬಂದವರ ಬಾಯಿ ಮೂಸಿಯೇ ಒಳಗೆ ಬಿಡುತ್ತಿದ್ದ.

"ಅಜ್ಜಾರ, ನೀವು ಬಾಳ ಮೆತ್ತಗ ಆದ್ರಿ," ಅನ್ನುತ್ತಿದ್ದ. "ಇವರಿಗೆ ಅಂಜಿಕಿ ಹಾಕಬೇಕ್ರಿ."

"ಅಂಜೇ ಕುಡಿಯಾಕತ್ತಾರಲ್ಲೋ," ಅನ್ನುತ್ತಿದ್ದರು ಅಜ್ಜಾರು. ಮತ್ತೆ ತಮ್ಮ ಕೆಲಸಕ್ಕೆ ತಾವು.

ಒಮ್ಮೆ ಅಜ್ಜಾರು ಪರವೂರಿಗೆ ಹೋಗಿದ್ದರು. ಆಗ ಬಂದಳು ಗಿರಿಜವ್ವ. ಒಂದು ಕೈಯಲ್ಲಿ ಆರು ವರ್ಷದ ಮಗಳು ಚೈತ್ರಾ, ಇನ್ನೊಂದು ಕೈಯಲ್ಲಿ ಗಂಡ ಕಳಕಪ್ಪ. ಯಾರನ್ನು ಹೆಚ್ಚು ಎಳೆದು ತಂದಿದ್ದಳು ಅಂತ ಹೇಳುವ ಅಗತ್ಯವಿಲ್ಲ.

ಕಳಕಪ್ಪ ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿನೆಟ್ ಊದುವವನು. ಯಾರದೇ ಮದುವೆಯಾಗಲಿ, ಮೆರವಣಿಗೆ ಮುಗಿಯುವುದರೊಳಗೆ ಇವನಿಗೆ ಏರಿರುತ್ತಿತ್ತು.

"ಯಣ್ಣಾ, ಏನರ ಮಾಡು," ಅಂದಳು ಗಿರಿಜವ್ವ. "ಇಂವಾ ಯಾರ ಮಾತೂ ಕೇಳವಲ್ಲ."

ಯಮನೂರಿಗೆ ಇಂಥ ದಿನವೇ ಬೇಕಿತ್ತು. ಕಳಕಪ್ಪನ ಬಲಗೈ ಹಿಡಿದು ಮಗಳ ನೆತ್ತಿಯ ಮೇಲಿಟ್ಟ.

"ಆಣಿ ಮಾಡು. ಇನ್ನ ಕುಡದ್ರ ಈ ಕೂಸಿನ ಮ್ಯಾಲಾಣಿ ಅನ್ನು."

ಕಳಕಪ್ಪ ಬಿಳಿಚಿಕೊಂಡ. ಆದರೂ ಅಂದ. ಕೂಸು ಏನೂ ತಿಳಿಯದೆ ಮೇಲೆ ನೋಡಿ ನಕ್ಕಿತು.

ಆಣೆ ಕೆಲಸ ಮಾಡಿತು, ಸುಳ್ಳು ಹೇಳಬಾರದು. ಕಳಕಪ್ಪ ದಿನಾ ಸಂಜೆ ಬಂದು ಬಾಯಿ ತೆರೆದು ನಿಲ್ಲುತ್ತಿದ್ದ. ಯಮನೂರಿ ಮೂಸಿ, "ಶಾಬಾಸ್!" ಅನ್ನುತ್ತಿದ್ದ. ಅಜ್ಜಾರು ಊರಿಂದ ಬಂದಾಗ ಅವರಿಗೆ ಆಣೆಯ ಸಂಗತಿ ಮಾತ್ರ ಹೇಳಲಿಲ್ಲ. ಬೈದಾರು ಅಂತಲ್ಲ, ನಕ್ಕಾರು ಅಂತ.

ಅಷ್ಟರಲ್ಲಿ ಮದುವೆ ಸೀಸನ್ ಬಂತು. ಒಂದು ಮೆರವಣಿಗೆಯಲ್ಲಿ ಮದುಮಗನ ಗೆಳೆಯರು ಕಳಕಪ್ಪನ ಹೆಗಲ ಮೇಲೆ ಕೈಹಾಕಿ ಗ್ಲಾಸು ಹಿಡಿಸಿದರು. ಒಂದೇ ಗ್ಲಾಸು ಅಂತ ಶುರುವಾಯಿತು. ಒಂದೇ ಗ್ಲಾಸಿಗೆ ನಿಂತವರನ್ನು ಯಾರು ಕಂಡಿದ್ದಾರೆ?

ಮರುದಿನ ಸಂಜೆ ಕಳಕಪ್ಪ ಮಠದ ಬಾಗಿಲಿಗೆ ಬಂದ. ಮೂಸಲಿ ಅಂತ ಬಾಯಿ ತೆರೆಯಲಿಲ್ಲ, ತೆರೆಯುವ ಅಗತ್ಯವೂ ಇರಲಿಲ್ಲ.

"ತಪ್ಪಾತು ಯಣ್ಣಾ," ಅಂದ.

ಯಮನೂರಿಗೆ ಸಿಟ್ಟು ನೆತ್ತಿಗೇರಿತು. "ಮಗಳ ತಲಿ ಮುಟ್ಟಿ ಆಣಿ ಮಾಡಿದಾಂವಾ ನೀ. ನಾಳೆ ಆ ಕೂಸಿಗೆ ಏನರ ಆದ್ರ ಯಾರ ಹೊಣಿ? ಹೋಗ್, ಇಲ್ಲಿ ನಿಂದ್ರಬ್ಯಾಡ."

ಬಾಗಿಲು ಹಾಕಿಕೊಂಡ. ಅಜ್ಜಾರು ಆಗ ಹೊಳೆಯಲ್ಲಿ ಮೀಯುತ್ತಿದ್ದರು.

ಅದೇ ವಾರ ಊರಲ್ಲೆಲ್ಲ ಜ್ವರ. ಮನೆಗೊಬ್ಬರು ಮಲಗಿದ್ದರು. ಚೈತ್ರಾಳಿಗೂ ಬಂತು.

ಗಿರಿಜವ್ವ ಮಠಕ್ಕೆ ಓಡಿಬಂದಾಗ ಅಜ್ಜಾರು ಜಗಲಿಯಲ್ಲೇ ಕೂತಿದ್ದರು. ಅವಳ ತಲೆಯ ಮೇಲಿನ ಸೆರಗು ಎಲ್ಲೋ, ಉಸಿರು ಎಲ್ಲೋ.

"ಅಜ್ಜಾರ, ಕೂಸು ದವಾಖಾನ್ಯಾಗ ಮಲಗೇತ್ರಿ. ಅಪ್ಪಾ ಅಪ್ಪಾ ಅಂತ ಹಲಬಾಕತ್ತೇತಿ. ಇಂವಾ ನೋಡಿದ್ರ ಹೊಳಿ ದಂಡ್ಯಾಗಿನ ಪಂಪ್‌ಹೌಸಿನ್ಯಾಗ ಬಿದ್ದಾನ. ಬಾ ಅಂದ್ರ ಬರವಲ್ಲ. ನಾ ಮುಟ್ಟಿದ್ರ ಕೂಸು ಸಾಯತೈತಿ ಅಂತಾನ. ಉಣ್ಣವಲ್ಲ, ತಿನ್ನವಲ್ಲ, ಬರೇ ಕುಡಿಯಾಕತ್ತಾನ. ಇಂವನೂ ಉಳಿಯೂದಿಲ್ರೀ."

"ಯಾಕವ್ವಾ ಹಂಗಂತಾನ?"

ಗಿರಿಜವ್ವ ಯಮನೂರಿಯ ಕಡೆ ನೋಡಿದಳು. ಯಮನೂರಿ ನೆಲ ನೋಡಿದ. ಆಮೇಲೆ ತಾನೇ ಎಲ್ಲಾ ಹೇಳಿದ, ಬಾಗಿಲು ಹಾಕಿಕೊಂಡದ್ದನ್ನೂ ಬಿಡದೆ.

ಅಜ್ಜಾರು ನಗಲಿಲ್ಲ. "ನೀ ಕೂಸಿನ ಹಂತ್ಯಾಕ ಹೋಗವ್ವಾ, ಅಂವಾ ಬರತಾನ," ಅಂತ ಗಿರಿಜವ್ವನನ್ನು ಕಳಿಸಿದರು. ಆಮೇಲೆ ತಲೆಯ ರುಮಾಲು ಬಿಚ್ಚಿ ಪಕ್ಕಕ್ಕಿಟ್ಟರು. ಬೋಳು ತಲೆ ಮುಂದೆ ಬಾಗಿಸಿದರು.

"ಕೈ ಇಡು ಯಮನೂರಿ."

"ಯಾಕ್ರೀ?"

"ಆಣಿ ಮಾಡು. ಇನ್ನ ಮುಂದ ಯಾವತ್ತೂ ಕುಡಿಯೂದಿಲ್ಲ, ಕುಡದ್ರ ಈ ಅಜ್ಜಾನ ಮ್ಯಾಲಾಣಿ ಅನ್ನು."

ಯಮನೂರಿಯ ಕೈ ಮೇಲೆ ಹೋಯಿತು, ಹೋದದ್ದು ಅಲ್ಲೇ ನಿಂತಿತು. ಹಿಂದಿನ ದಿನವಷ್ಟೇ ಬಸ್‌ಸ್ಟ್ಯಾಂಡಿನ ಬಳಿಯ ಬ್ರಾಂಡಿ ಅಂಗಡಿ ದಾಟುವಾಗ ಅವನ ಬಾಯಲ್ಲಿ ನೀರೂರಿತ್ತು. ಇಷ್ಟು ವರ್ಷದ ಮೇಲೂ! ಕಾಲು ಎರಡು ಹೆಜ್ಜೆ ಆ ಕಡೆ ಹಾಕಿಯೂ ಇತ್ತು. ಯಾರಿಗೂ ಹೇಳಿರಲಿಲ್ಲ.

"ಇಡೋ."

"ಆಗೂದಿಲ್ರೀ."

"ಯಾಕಾಗೂದಿಲ್ಲ?"

"ನಾಳೆ ನಾ ಎಲ್ಲೆರ ಎಡವಿದ್ರ? ನಿಮಗೇನರ ಆದ್ರ?"

"ನನಗೆಂಥಾದ್ದೋ! ನೀ ಕುಡದ್ರೂ ಸಾಯ್ತೀನಿ, ಕುಡೀದಿದ್ರೂ ಸಾಯ್ತೀನಿ. ಎಂಬತ್ತು ದಾಟೇತಿ." ಅಜ್ಜಾರು ತಲೆ ಎತ್ತಿದರು. "ಆ ಕೂಸಿಗೆ ಆರು."

ಯಮನೂರಿಗೆ ದುಃಖ ಒತ್ತರಿಸಿ ಬಂತು. ಅಲ್ಲೇ ಕೂತ.

"ಹಾಕಿದ ಆಣಿ ತಗಿಯೂದು ಹೆಂಗ್ರೀ ಅಜ್ಜಾರ?"

"ಹಾಕೂದು ಯಾರನ್ನ ಕೇಳಿ ಕಲ್ತಿ?" ಅಂದರು ಅಜ್ಜಾರು. ರುಮಾಲು ಸುತ್ತಿಕೊಂಡು ಒಳಗೆ ಹೋದರು.

ಪಂಪ್‌ಹೌಸಿನ ತನಕ ಯಮನೂರಿ ಹೆಚ್ಚುಕಡಿಮೆ ಓಡಿದ. ಮಟಮಟ ಮಧ್ಯಾಹ್ನ. ಕಳಕಪ್ಪ ಗೋಡೆಗೆ ಒರಗಿದ್ದ. ಕಣ್ಣುಗಳು ಒಳಗೆ ಹೋಗಿದ್ದವು. ಹತ್ತಿರ ಹೋದಾಗ ಯಮನೂರಿ ಮೂಸಲಿಲ್ಲ. ಮೂಸುವುದು ಬೇಡವಾಗಿತ್ತು.

"ಏಳು ಕಳಕಪ್ಪ. ಮಗಳು ಕರಿಯಾಕತ್ತಾಳ."

"ಜೀವಂತ ಅದಾಳೇನು?"

"ಅದಾಳ. ಊರಿಗೆಲ್ಲಾ ಬಂದ ಜ್ವರ ಅದು. ಡಾಕ್ಟರು ನೋಡಾಕತ್ತಾರ. ಆಣಿಯಿಂದ ಏನೂ ಆಗೂದಿಲ್ಲ, ಎಲ್ಲಾ ಸುಳ್ಳು."

ಕಳಕಪ್ಪ ಅವನನ್ನೇ ದಿಟ್ಟಿಸಿದ. "ಅವತ್ತ ಮಾಡಿಸುವಾಗ ಖರೇ ಇತ್ತು. ಇವತ್ತ ಸುಳ್ಳಾತೇನು?"

ಯಮನೂರಿ ಅವನ ತೋಳು ಹಿಡಿದು ಎಬ್ಬಿಸಲು ನೋಡಿದ.

"ನೀ ಹೋಗು," ಅಂದ ಕಳಕಪ್ಪ. "ನಾ ಇಲ್ಲೇ ಸತ್ರ ಕೂಸು ಉಳಿತೈತಿ. ನನಗ ಲೆಕ್ಕ ಗೊತ್ತೈತಿ."

ಯಮನೂರಿ ಪಕ್ಕದಲ್ಲಿ ಕೂತ. ತಾನು ನೆಟ್ಟ ಅಂಜಿಕೆ ಎಷ್ಟು ಆಳಕ್ಕೆ ಇಳಿದಿದೆ ಅಂತ ಆಗ ಕಂಡಿತು. ಬರೇ ಬಾಯಿಮಾತಿಗೆ ಅದು ಕಿತ್ತು ಬರುವಂಥದ್ದಾಗಿರಲಿಲ್ಲ. ಕಳಕಪ್ಪನ ಬಲಗೈ ಹಿಡಿದ. ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡ.

"ಹಂಗಾದ್ರ ಅದನ್ನ ಕೂಸಿನ ತಲಿ ಮ್ಯಾಲಿಂದ ತಗಿ. ನನ್ನ ತಲಿ ಮ್ಯಾಲೆ ಹಾಕು."

"ಹುಚ್ಚ ಹಿಡದೈತೇನು ನಿನಗ?"

"ಮಾಡಿಸಿದಾಂವಾ ನಾ. ನನಗ ಬರಬೇಕಾದ್ದು ಅದು."

"ನಾ ಮತ್ತ ಕುಡದ್ರ?"

"ನನ್ನ ಪಾಲಿಗೆ ಬರಲಿ."

ಕಳಕಪ್ಪ ಕೈ ಎಳೆದುಕೊಳ್ಳಲು ನೋಡಿದ. ಯಮನೂರಿ ಬಿಡಲಿಲ್ಲ. ಬಹಳ ಹೊತ್ತು ಹಾಗೇ ಕೂತರು, ಒಬ್ಬನ ಕೈ ಇನ್ನೊಬ್ಬನ ತಲೆಯ ಮೇಲೆ. ನೋಡಿದವರು ನಕ್ಕಿರುತ್ತಿದ್ದರು. ಕೊನೆಗೆ ಕಳಕಪ್ಪ ಸಣ್ಣ ದನಿಯಲ್ಲಿ, "ತಗದೆ," ಅಂದ. ಆಮೇಲೆ, "ಹಾಕಿದೆ," ಅಂದ. ಅಂದವನೇ ಗೊಳೋ ಅಂತ ಅತ್ತ. ಯಮನೂರಿ ಅವನ ರಟ್ಟೆಗೆ ಕೈಕೊಟ್ಟು ಎಬ್ಬಿಸಿದ.

ದವಾಖಾನೆಯಲ್ಲಿ ಚೈತ್ರಾ ಕಣ್ಣು ಬಿಟ್ಟಳು.

"ಅಪ್ಪಾ, ವಾಸನಿ ಬರಾಕತ್ತೀ," ಅಂತ ಮುಖ ಆಚೆ ತಿರುಗಿಸಿದಳು. ಆದರೆ ಕೈ ಚಾಚಿ ಅಪ್ಪನ ಬೆರಳು ಹಿಡಿದುಕೊಂಡಳು, ಬಿಡಲಿಲ್ಲ.

ಜ್ವರ ಇಳಿಯುತ್ತಿದೆ, ಕೂಸಿಗೆ ಹೆದರಿಕೆಯಿಲ್ಲ ಅಂದರು ಡಾಕ್ಟರು. ಅಪ್ಪನ ಕೈನಡುಕ ನೋಡಿ, ಹೆದರಿಕೆ ಇರುವುದು ಇವನಿಗೆ ಅಂತ ಅವನನ್ನೂ ದಾಖಲು ಮಾಡಿಕೊಂಡರು. ಗಿರಿಜವ್ವ ಎರಡು ಮಂಚಗಳ ನಡುವೆ ಕೂತು, ಮೊದಲು ಗಂಡನಿಗೆ ಮನಸಾರೆ ಬೈದಳು, ಆಮೇಲೆ ಅತ್ತಳು.

ಹೊತ್ತು ಇಳಿಯುವಾಗ ಯಮನೂರಿ ಮಠಕ್ಕೆ ಬಂದ. ಬಂದವನು ನೆಟ್ಟಗೆ ಅಡುಗೆಮನೆಗೆ ಹೋದ. ಅಜ್ಜಾರು ಬಾಗಿಲಲ್ಲಿ ಬಂದು ನೋಡಿದರೆ, ಒಲೆಯ ಮೇಲಿಂದ ಗಂಜಿ ಇಳಿಸಿ ಡಬ್ಬಿಗೆ ತುಂಬುತ್ತಿದ್ದ.

"ಯಾರಿಗೋ ಅದು?"

"ಕಳಕಪ್ಪಗ್ರೀ. ಎಷ್ಟ ದಿನಾತೋ ಏನೋ, ಹೊಟ್ಟಿಗೆ ಏನೂ ಹಾಕಿಲ್ಲ. ದವಾಖಾನಿ ಬ್ರೆಡ್ ಅವಂಗ ಸೇರೂದಿಲ್ಲಂತ."

ಯಮನೂರಿ ಡಬ್ಬಿಯ ಮುಚ್ಚಳ ಒತ್ತಿ ಹಾಕಿದ. ಹೊಸ್ತಿಲು ದಾಟಿದವನು ನಿಂತ. ಅಷ್ಟು ಹೊತ್ತು ಅದುಮಿಟ್ಟಿದ್ದ ಹೆದರಿಕೆ ಈಗ ಬಾಯಿಗೆ ಬಂತು.

"ಅಜ್ಜಾರ, ಆಣಿ ನನ್ನ ತಲಿ ಮ್ಯಾಲೆ ಹಾಕ್ಕೊಂಡ ಬಂದೇನ್ರಿ. ಅಂವಾ ಮತ್ತ ಕುಡದ್ರ ನನಗೇನರ ಆಗತೈತೇನ್ರೀ?"

"ಅದು ನನಗ ಗೊತ್ತಿಲ್ಲಪಾ," ಅಂದರು ಅಜ್ಜಾರು. "ಗಂಜಿ ಆರಾಕತ್ತೇತಿ, ನೀ ಲಗೂ ನಡಿ."