ಅಡ್ಜಸ್ಟ್ ಆಗಿದೆ ಸರ್

ರೇಸ್ ಕಾರಿನ ಸಸ್ಪೆನ್ಷನ್ ಹದ ಮಾಡುವುದರಲ್ಲಿ ವಾಲ್ಟರ್ ಲೋಬೋ ಅವರದು ಎತ್ತಿದ ಕೈ. ಚಕ್ರಕ್ಕೂ ಕಾರಿನ ಮೈಗೂ ನಡುವಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳನ್ನು ಎಷ್ಟು ಬಿಗಿ ಮಾಡಬೇಕು, ಎಷ್ಟು ಸಡಿಲ ಬಿಡಬೇಕು ಎಂದು ತೀರ್ಮಾನಿಸುವುದು ಅವರ ಕೆಲಸ. ಎಡಕ್ಕೂ ಬಲಕ್ಕೂ ತಿರುಗುವ ಟ್ರ್ಯಾಕಿನಲ್ಲಿ ಈ ಹದ ತಪ್ಪಿದರೆ ಕಾರು ಯಾರ ಮಾತನ್ನೂ ಕೇಳುವುದಿಲ್ಲ.

ಅವರ ಶಿಷ್ಯ ಯಜ್ಞೇಶ ಒಳ್ಳೆಯ ಚಾಲಕ. ಬಹಳ ವಿನಯವಂತ. ಲೋಬೋ ಅವನಿಗೆ ಮೊದಲ ದಿನವೇ ಹೇಳಿದ್ದರು: "ಸೀಟಿನಲ್ಲಿ ಕೂತ ನಿನಗೆ ಗೊತ್ತಾಗುವುದು ಹೊರಗೆ ನಿಂತ ನನಗೆ ಗೊತ್ತಾಗುವುದಿಲ್ಲ ಮಾರಾಯ. ಇದ್ದದ್ದನ್ನು ಇದ್ದ ಹಾಗೆ ಹೇಳು."

ರೇಸಿನ ದಿನ ಬೆಳಿಗ್ಗೆ ಅಭ್ಯಾಸ ನಡೆಯಿತು. ಗೋಡೆಯ ಪಕ್ಕದ ವೇಗದ ತಿರುವಿನಲ್ಲಿ ಕಾರಿನ ಹಿಂಭಾಗ ಜಾರಿದಂತೆ ಲೋಬೋ ಅವರಿಗೆ ಕಂಡಿತು. ಅವರು ಅಧಿಕಾರಿಗಳ ಸಭೆಗೆ ಹೊರಟಿದ್ದರು. ಯಜ್ಞೇಶ ಬಂದೊಡನೆ ಕೇಳು, ಜಾರುತ್ತದೆ ಎಂದರೆ ಹಿಂದಿನ ಶಾಕ್ ಅಬ್ಸಾರ್ಬರ್ ಸಡಿಲ ಮಾಡು ಎಂದು ಮೆಕ್ಯಾನಿಕ್ ಹನೀಫನಿಗೆ ಹೇಳಿ ಹೋದರು.

ಹನೀಫ ಕೇಳಿದ. ಕಾರು ಜಾರುತ್ತಿದ್ದದ್ದು ನಿಜ. ಆದರೆ ಹನೀಫ ನಸುಕಿನಿಂದ ದುಡಿದು ಬೆವರಿನಲ್ಲಿ ತೊಯ್ದಿದ್ದ. ಇವನಿಗೆ ಮತ್ತೆ ಯಾಕೆ ತೊಂದರೆ, ಆ ತಿರುವಿನಲ್ಲಿ ನಾನೇ ಸ್ವಲ್ಪ ನಿಧಾನಿಸಿದರಾಯಿತು ಎಂದುಕೊಂಡ ಯಜ್ಞೇಶ. ಏನೂ ಬೇಡ, ಹೋಗಿ ಎರಡು ಇಡ್ಲಿ ತಿನ್ನು, ನಿನ್ನ ಮುಖ ನೋಡಿದರೆ ಕಾರೇ ಹೆದರೀತು ಎಂದು ತಮಾಷೆ ಮಾಡಿ ಅವನನ್ನು ಕಳಿಸಿಬಿಟ್ಟ.

ಲೋಬೋ ಮರಳಿ ಬಂದರು. "ಹಿಂದುಗಡೆ ಜಾರುತ್ತಿತ್ತಲ್ಲ, ಏನಾಯಿತು?"

"ಅಡ್ಜಸ್ಟ್ ಆಗಿದೆ ಸರ್."

ಒಂದೇ ಪದ. ಕಾರಿಗೆ ನಾನು ಹೊಂದಿಕೊಂಡಿದ್ದೇನೆ ಎಂಬುದು ಶಿಷ್ಯನ ಅರ್ಥ. ಹನೀಫ ಕಾರನ್ನು ಸರಿಪಡಿಸಿದ್ದಾನೆ ಎಂಬುದು ಗುರುವಿನ ಅರ್ಥ. ಲೋಬೋ ಬಗ್ಗಿ ನೋಡಲೂ ಇಲ್ಲ. ಹಿಂದಿನ ಚಕ್ರಗಳಿಗೆ ಹಿಡಿತ ಬಂದಾಯಿತು, ಇನ್ನು ಮುಂಭಾಗ ಚುರುಕಾಗಿ ತಿರುಗಲಿ ಎಂದು ತಮ್ಮ ಕೈಯಾರೆ ಮುಂದಿನದನ್ನು ಸಡಿಲ ಮಾಡಿದರು. ಮುಂದೆ ಮಾತ್ರ ಹಿಡಿತ ಹೆಚ್ಚಿ, ಹಿಂದೆ ಜಾರುವ ಕಾರು ಇನ್ನಷ್ಟು ಜಾರುವಂತಾಯಿತು.

ರೇಸಿನ ಮೊದಲ ಸುತ್ತಿನಲ್ಲಿಯೇ, ಅದೇ ತಿರುವಿನಲ್ಲಿ, ಯಜ್ಞೇಶ ನಿಧಾನಿಸಿದರೂ ಕಾರು ಗಿರ್ರನೆ ತಿರುಗಿತು. ಹಿಂದೆ ಬರುತ್ತಿದ್ದ ಪೊನ್ನಮ್ಮ ಎಂಬ ಚಾಲಕಿ ಅದಕ್ಕೆ ಡಿಕ್ಕಿ ಹೊಡೆದು ಗೋಡೆಗೆ ಅಪ್ಪಳಿಸಿದಳು. ಯಜ್ಞೇಶನಿಗೆ ಒಂದು ಗೀರೂ ಆಗಲಿಲ್ಲ. ಅವಳ ಎರಡೂ ಕಾಲು ಮುರಿದವು.

ಲೋಬೋ, ಎಷ್ಟು ಸಡಿಲ ಮಾಡಿದ್ದೆ ಎಂದು ಹನೀಫನನ್ನು ಕೇಳಿದರು. ನಾನು ಮುಟ್ಟಲೇ ಇಲ್ಲ ಸರ್ ಎಂದ ಅವನು. ಇಬ್ಬರೂ ಯಜ್ಞೇಶನತ್ತ ತಿರುಗಿದರು.

"ನಾನೇ ಅಡ್ಜಸ್ಟ್ ಮಾಡ್ಕೊಂಡೆ ಸರ್. ನಿಮಗೆಲ್ಲ ತೊಂದರೆ ಬೇಡ ಅಂತ."

ತಾವು ಬಗ್ಗಿ ನೋಡಲಿಲ್ಲವಲ್ಲ ಎಂಬುದು ಲೋಬೋ ಅವರಿಗೆ ಆಗ ಹೊಳೆಯಿತು.

ಆಸ್ಪತ್ರೆಗೆ ಬಂದ ಯಜ್ಞೇಶನನ್ನು ಪೊನ್ನಮ್ಮನ ತಂದೆ ಬೈಯಲಿಲ್ಲ. ನಿನಗೆ ಏನೂ ಆಗಿಲ್ಲ ತಾನೇ ಎಂದು ವಿಚಾರಿಸಿದರು. ಆಮೇಲೆ ಕೇಳಿದರು: "ಕಾರು ಇದ್ದಕ್ಕಿದ್ದಂತೆ ಕೈಕೊಟ್ಟಿತಾ ಮಗಾ?"

"ಇಲ್ಲ. ಬೆಳಿಗ್ಗೆಯೇ ಜಾರುತ್ತಿತ್ತು. ನಾನು ಹೇಳಲಿಲ್ಲ."

ಅವರು ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ಅವನ ಮುಖವನ್ನೇ ನೋಡಿದರು.

"ಗೊತ್ತಿತ್ತಾ?" ಎಂದರು.



ನೀತಿ: ಸರಿಪಡಿಸಬಲ್ಲವರಿಗೆ ತಿಳಿಸದೆ ದೋಷವನ್ನು ಸಹಿಸಿಕೊಳ್ಳುವುದು ವಿನಯವಲ್ಲ, ಅಪರಾಧ. ಕೇಳಿದ ಮಾತನ್ನು ಕಣ್ಣಾರೆ ಪರೀಕ್ಷಿಸದೆ ನಂಬುವುದೂ ಅಪರಾಧವೇ. ಎರಡರ ಪೆಟ್ಟೂ ಏನೂ ತಪ್ಪು ಮಾಡದವರಿಗೆ ಬೀಳುತ್ತದೆ.